ಆಕಾಶಮಾರ್ಗದ ಓಲೆ

ಮೇಘವನ್ನೂ ಹಂಸವನ್ನೂ ದೂತರನ್ನಾಗಿ ಕಳುಹಿಸಿದ ನಮ್ಮ ಕವಿಗಳು, ಆ ದೂತರು ಎಷ್ಟು ಭಾರ ಹೊರಬಲ್ಲರೆಂದು ಯೋಚಿಸಿದವರಲ್ಲ. ವಿಮಾನಕ್ಕಾದರೋ ಮೊದಲಿನಿಂದಲೂ ಭಾರದ್ದೇ ಚಿಂತೆ.

1911ರ ಫೆಬ್ರವರಿ 18ರಂದು ಹೆನ್ರಿ ಪೆಕೆ ಎಂಬ ಫ್ರೆಂಚ್ ತರುಣನು ಸುಮಾರು 6,500 ಪತ್ರಗಳೊಡನೆ ಅಲಹಾಬಾದಿನಿಂದ ಹಾರಿ, ಯಮುನೆಯನ್ನು ದಾಟಿ, ನೈನಿಯಲ್ಲಿಳಿದನು. ಜಗತ್ತಿನ ಮೊದಲ ಅಧಿಕೃತ ವಿಮಾನ ಅಂಚೆ ಅದು. 1932ರ ಅಕ್ಟೋಬರ್ 15ರಂದು ಜೆ.ಆರ್.ಡಿ. ಟಾಟಾ ಅವರು ಒಂಟಿ ಎಂಜಿನ್ನಿನ ಪುಟ್ಟ ವಿಮಾನದಲ್ಲಿ ಕರಾಚಿಯಿಂದ ಮುಂಬಯಿಗೆ ಅಂಚೆ ತಂದರು. ಅಲ್ಲಿಂದ ಮುಂದೆ ನೆವಿಲ್ ವಿನ್ಸೆಂಟ್ ಅದನ್ನು ನಮ್ಮ ಬಳ್ಳಾರಿಯ ಮಾರ್ಗವಾಗಿ ಮದರಾಸಿಗೆ ಮುಟ್ಟಿಸಿದರು. 1949ರಲ್ಲಿ ಆರಂಭವಾದ ರಾತ್ರಿಯ ಅಂಚೆಸೇವೆಯಲ್ಲಂತೂ ದೆಹಲಿ, ಮುಂಬಯಿ, ಕಲಕತ್ತೆ, ಮದರಾಸುಗಳಿಂದ ಹೊರಟ ವಿಮಾನಗಳು ನಾಗಪುರದಲ್ಲಿ ಸೇರಿ, ನಡುರಾತ್ರಿಯಲ್ಲಿ ಅಂಚೆಚೀಲಗಳನ್ನು ಬದಲಾಯಿಸಿಕೊಳ್ಳುತ್ತಿದ್ದುವು.

ವೇಗವೇನೋ ಬಂದಿತು, ಆದರೆ ತಕ್ಕಡಿಯೂ ಜೊತೆಗೆ ಬಂದಿತು. ಹಪ್ಪಳದ ಪೊಟ್ಟಣವನ್ನು ವಿಮಾನದಲ್ಲಿ ಪರದೇಶಕ್ಕೆ ಕಳುಹಿಸಹೊರಟರೆ ಹಪ್ಪಳಕ್ಕಿಂತ ಅಂಚೆಯ ವೆಚ್ಚವೇ ಹೆಚ್ಚು. ಆದುದರಿಂದ ಹಪ್ಪಳ ಹಡಗನ್ನೇರಿತು, ಕ್ಷೇಮಸಮಾಚಾರ ವಿಮಾನವನ್ನೇರಿತು. ಅದಕ್ಕೆಂದೇ ಇದ್ದುದು ಏರೋಗ್ರಾಮ್: ತೆಳ್ಳನೆಯ ನೀಲಿ ಹಾಳೆ, ಮಡಿಸಿ ಅಂಟಿಸಿದರೆ ತಾನೇ ಲಕೋಟೆ. ಒಳಗೆ ಬೇರೇನನ್ನೂ ಇಡಕೂಡದು.

ಅರುವತ್ತರ ದಶಕದಲ್ಲಿ ಅಣ್ಣ ಇಂಗ್ಲೆಂಡಿನಲ್ಲಿ ಓದುತ್ತಿದ್ದಾಗ, ಉಭಯ ಕುಶಲೋಪರಿಯಿಂದ ಆರಂಭಿಸಿ ಮಳೆ, ಬೆಳೆ, ಬಂಧುಗಳ ಮದುವೆಗಳವರೆಗೆ ಹಾಳೆಯನ್ನೆಲ್ಲ ತುಂಬುತ್ತಿದ್ದವರು ತಂದೆಯವರು. ಅಮ್ಮನ ಪಾಲಿಗೆ ಉಳಿಯುತ್ತಿದ್ದುದು ಮಡಿಕೆಯ ಬಳಿ ಮೂರು ಬೆರಳಗಲದ ಜಾಗ. ಅಲ್ಲಿ ಎರಡು ಸಾಲು ಬರೆದು, ದೇವರ ಕುಂಕುಮವನ್ನು ಒಳಗಿಡಲಾಗದೆಂದು, ಕುಂಕುಮ ಸೋಕಿದ ಬೆರಳನ್ನೇ ಮೂಲೆಗೊತ್ತುತ್ತಿದ್ದರು. ಅದಕ್ಕೆ ಯಾವ ತಕ್ಕಡಿಯಲ್ಲಿಯೂ ತೂಕವಿಲ್ಲ.

ಒಮ್ಮೆ ಅಮ್ಮನಿಗೆ ವಿಷಮಶೀತ ಜ್ವರ. ದೂರದಲ್ಲಿರುವ ಹುಡುಗ ಗಾಬರಿಯಾದಾನೆಂದು ತಂದೆಯವರು ಎಂದಿನಂತೆ ‘ಎಲ್ಲರೂ ಕ್ಷೇಮ’ ಎಂದೇ ಬರೆದರು. ಮೂಲೆಯ ಜಾಗವನ್ನೂ ತಾವೇ ತುಂಬಿದರು. ಎರಡು ವಾರಗಳೊಳಗೆ ಅಣ್ಣನ ಉತ್ತರ ಬಂದಿತು. ಇದ್ದುದು ಇಷ್ಟೇ: “ಅಮ್ಮನಿಗೆ ಏನಾಗಿದೆ? ಕುಂಕುಮವೇಕಿಲ್ಲ? ಮುಚ್ಚಿಡದೆ ತಿಳಿಸಿ.”

ತಂದೆಯವರು ಅದನ್ನು ಹಾಸಿಗೆಯ ಬಳಿ ಓದಿ ಹೇಳಿದರು. ಜ್ವರ ಆಗತಾನೆ ಇಳಿದಿದ್ದ ಅಮ್ಮ ದಿಂಬಿಗೊರಗಿ ಕುಳಿತು, ನಡುಗುವ ಕೈಯಿಂದಲೇ ಲೇಖನಿಯನ್ನು ತೆಗೆದುಕೊಂಡರು.

ಅಂದಿನಿಂದ ನಮ್ಮ ಮನೆಯಲ್ಲಿ ನೀಲಿ ಹಾಳೆ ಮೊದಲು ಅಮ್ಮನ ಕೈಗೆ ಹೋಗತೊಡಗಿತು. ಅವರು ಬರೆದು ಬಿಟ್ಟ ಜಾಗದಲ್ಲಿ ತಂದೆಯವರು ಮಳೆ ಬೆಳೆಗಳನ್ನು ಅಡಗಿಸಿಕೊಂಡರು.