ಪತ್ತನಾಜೆಯೊಳಗೆ ಮುಗಿಸಿಕೊಡ್ತೇನೆ

ಕರಾವಳಿಯಲ್ಲಿ ಮಾಡಿನ ಕೆಲಸ ಒಪ್ಪಿಕೊಂಡ ಮೇಸ್ತ್ರಿಗಳ ಬಾಯಲ್ಲಿ ಬರುವುದು ಒಂದೇ ಮಾತು: “ಪತ್ತನಾಜೆಯೊಳಗೆ ಮುಗಿಸಿಕೊಡ್ತೇನೆ ಮಾರಾಯ್ರೇ, ನೀವು ತಲೆಬಿಸಿ ಮಾಡ್ಬೇಡಿ.” ತುಳುವರ ಬೇಶ ತಿಂಗಳ ಹತ್ತನೆಯ ದಿನ, ಅಂದರೆ ಮೇ 24ರ ಆಸುಪಾಸಿಗೆ, ಪತ್ತನಾಜೆ. ಅಂದಿಗೆ ಯಕ್ಷಗಾನ ಮೇಳದವರು ಗೆಜ್ಜೆ ಬಿಚ್ಚುತ್ತಾರೆ, ನೇಮ, ಕೋಲಗಳು ನಿಲ್ಲುತ್ತವೆ. ಅಲ್ಲಿಂದಾಚೆಗೆ ಊರೆಲ್ಲ ಮಳೆಯದ್ದು. ವಾಯಿದೆಗೆ ಇದಕ್ಕಿಂತ ಗಟ್ಟಿಯಾದ ದಿನ ಇನ್ನೊಂದಿಲ್ಲ. ತೊಂದರೆ ಏನೆಂದರೆ, ಈ ಕರಾರಿಗೆ ಮನೆಯವನೂ ಮೇಸ್ತ್ರಿಯೂ ಒಪ್ಪಿರುತ್ತಾರೆ, ಮಳೆಯನ್ನು ಮಾತ್ರ ಯಾರೂ ಕೇಳಿರುವುದಿಲ್ಲ.

2025ರಲ್ಲಿ ಮುಂಗಾರು ಕೇರಳಕ್ಕೆ ಬಂದದ್ದು ಮೇ 24ಕ್ಕೇ. ವಾಡಿಕೆಯ ದಿನ ಜೂನ್ 1. ಬಂದದ್ದು ದಣಿವಾರಿಸಿಕೊಳ್ಳಲೂ ಇಲ್ಲ, ನಮ್ಮ ಕರಾವಳಿಯನ್ನು ತೋಯಿಸುತ್ತ 26ಕ್ಕೆ ಮುಂಬಯಿ ಮುಟ್ಟಿತ್ತು. 2021ರಲ್ಲಂತೂ ಮೇ ನಡುವಿನಲ್ಲೇ ತೌಕ್ತೆ ಚಂಡಮಾರುತ ಬಂದು ಹೋಗಿತ್ತು. ಅಂಥ ದಿನಗಳಲ್ಲಿ ಹಂಚು ಇಳಿಸಿ, ಪಕ್ಕಾಸು ಕಿತ್ತು, ರೀಪು ಇನ್ನೂ ಸಾಮಿಲ್ಲಿನಿಂದ ಬಾರದೆ ಇದ್ದ ಮನೆಯವರ ಪಾಡು ಏನು? ಅಟ್ಟದ ಮೇಲಿನ ಹಳೆಯ ಪಂಚಾಂಗದಿಂದ ಹಿಡಿದು ಮಗಳ ಮದುವೆಗೆಂದು ಎತ್ತಿಟ್ಟ ಹಿತ್ತಾಳೆ ಹಂಡೆಯವರೆಗೆ ಎಲ್ಲಕ್ಕೂ ಅಭಿಷೇಕ.

ಮೇಸ್ತ್ರಿಯನ್ನು ಬೈಯುವುದು ಸುಲಭ. ಏಪ್ರಿಲಿನಲ್ಲಿ ಅವನು ಒಬ್ಬರ ಮನೆಯ ಹಂಚು ಇಳಿಸಿ, ಇನ್ನೊಬ್ಬರ ಮನೆಯಲ್ಲಿ ಅಳತೆ ಹಿಡಿದು, ಮೂರನೆಯವರಿಂದ ಅಡ್ವಾನ್ಸ್ ಇಸಿದುಕೊಂಡಿರುತ್ತಾನೆ. ಆದರೆ ಅವನ ಲೆಕ್ಕವನ್ನೂ ನೋಡಿ: ಮೇ ತಿಂಗಳಲ್ಲಿ ಎಲ್ಲರಿಗೂ ಅವನೇ ಬೇಕು, ಜುಲೈಯಲ್ಲಿ ಯಾರಿಗೂ ಬೇಡ. ಬೇಸಗೆಯಲ್ಲಿ ದುಡಿದದ್ದನ್ನು ಆಟಿ ತಿಂಗಳಲ್ಲಿ ಕೂತು ಉಣ್ಣಬೇಕು. ಮೂರು ಮನೆ ಒಪ್ಪಿಕೊಳ್ಳದೆ ಅವನೇನು ಮಾಡಿಯಾನು? ನನಗೆ ಸಿಟ್ಟು ಬರುವುದು ಅದಕ್ಕಲ್ಲ. ಮಾಡು ಬಿಚ್ಚಿಟ್ಟು ಹೋದವನು ಮಾರನೆಯ ದಿನ, “ದೇವರು ಸುರಿಸಿದ್ದಕ್ಕೆ ನಾನೆಂತ ಮಾಡ್ಲಿ?” ಎನ್ನುತ್ತಾನಲ್ಲ, ಅದಕ್ಕೆ.

ಈ ‘ದೇವರು ಸುರಿಸಿದ್ದು’ ಎಂಬ ವಾದವನ್ನು ನಮ್ಮ ಕಾನೂನು ಹಿಂದೆಯೇ ಕೇಳಿಸಿಕೊಂಡಿದೆ. 1872ರ ಕರಾರು ಕಾಯ್ದೆಯ 56ನೇ ಕಲಮಿನ ಪ್ರಕಾರ, ಒಪ್ಪಿಕೊಂಡ ಕೆಲಸ ಮುಂದೆ ಅಸಾಧ್ಯವಾದರೆ ಕರಾರೇ ಬಿದ್ದುಹೋಗುತ್ತದೆ. ಹಾಗಾದರೆ ಅಸಾಧ್ಯ ಎಂದರೆ ಎಷ್ಟು ಅಸಾಧ್ಯ? ಕಲ್ಕತ್ತೆಯಲ್ಲಿ 1940ರಲ್ಲಿ ಒಬ್ಬರು 101 ರೂಪಾಯಿ ಮುಂಗಡ ಕೊಟ್ಟು ಬಡಾವಣೆಯೊಂದರಲ್ಲಿ ನಿವೇಶನ ಹಿಡಿದಿದ್ದರು. ಕಂಪನಿ ರಸ್ತೆ, ಚರಂಡಿ ಮಾಡಿಸಿಕೊಡಬೇಕಿತ್ತು. ಮಹಾಯುದ್ಧ ಆಗಲೇ ನಡೆಯುತ್ತಿತ್ತು, ಅಷ್ಟರಲ್ಲಿ ಸರ್ಕಾರ ಜಾಗವನ್ನು ಸೇನೆಗೆಂದು ವಶಪಡಿಸಿಕೊಂಡಿತು. ಕರಾರು ಮುಗಿಯಿತು ಎಂದಿತು ಕಂಪನಿ. 1954ರಲ್ಲಿ ಸುಪ್ರೀಂ ಕೋರ್ಟು ಒಪ್ಪಲಿಲ್ಲ. ಕೆಲಸ ತಡವಾಗುತ್ತದೆ ನಿಜ, ಯುದ್ಧಕಾಲ ಎಂಬುದು ಇಬ್ಬರಿಗೂ ಗೊತ್ತಿದ್ದದ್ದೇ, ಆದ್ದರಿಂದ ಕರಾರು ಸತ್ತಿಲ್ಲ ಎಂದಿತು. ಮಹಾಯುದ್ಧಕ್ಕೇ ಬೀಳದ ಕರಾರು ಮಂಗಳೂರಿನ ಮಳೆಗೆ ಬಿದ್ದೀತೇ? ಇಲ್ಲಿ ಮಳೆ ಬರುವುದು ಗೊತ್ತಿಲ್ಲ ಅನ್ನಲು ಮೇಸ್ತ್ರಿ ರಾಜಸ್ಥಾನದಿಂದ ಬಂದವನಾಗಿರಬೇಕು. ಮಳೆ ಬೇಗ ಬಂದರೆ ನಾಲ್ಕು ದಿನ ಹೆಚ್ಚು ಕೇಳಲಿ, ಕೊಡೋಣ. ಹವಾಮಾನ ಇಲಾಖೆ ರೆಡ್ ಅಲರ್ಟ್ ಕೊಟ್ಟ ಮೇಲೂ ಎರಡು ಕಡೆಯ ಇಳಿಜಾರಿನ ಹಂಚನ್ನೂ ಒಟ್ಟಿಗೆ ಇಳಿಸಿದ್ದಕ್ಕೆ ಅವನೇ ಉತ್ತರ ಹೇಳಬೇಕು.

ಮನೆಯವರೂ ಕೈಕಟ್ಟಿ ನಿಲ್ಲುವಂತಿಲ್ಲ. ಅದೇ ಕಾಯ್ದೆಯ 73ನೇ ಕಲಮು, ನಷ್ಟ ತಪ್ಪಿಸಿಕೊಳ್ಳಲು ನಿಮಗೆ ಯಾವ ದಾರಿಯಿತ್ತು ಎಂಬುದನ್ನೂ ಲೆಕ್ಕಕ್ಕೆ ಹಿಡಿಯುತ್ತದೆ. ಸೋರುವ ಜಾಗದಿಂದ ಟಿ.ವಿ. ಸರಿಸದೆ, ನೆನೆಯುವುದನ್ನು ವೀಡಿಯೊ ಮಾಡುತ್ತ ನಿಂತವನಿಗೆ ಪೂರ್ತಿ ಪರಿಹಾರ ಸಿಗುವುದು ಕಷ್ಟ. ಇನ್ನೂ ಸೋಜಿಗದ್ದು 55ನೇ ಕಲಮು. ಇಂತಿಷ್ಟು ದಿನದೊಳಗೆ ಆಗಲೇಬೇಕೆಂದು ಒಪ್ಪಿದ ಕೆಲಸವನ್ನು ತಡವಾಗಿ ಮಾಡಿದಾಗ ನೀವು ಸುಮ್ಮನೆ ಸ್ವೀಕರಿಸಿದಿರೋ, ತಡವಾದದ್ದರ ಪರಿಹಾರ ಆಮೇಲೆ ಕೇಳುವ ಹಾಗಿಲ್ಲ. ಕೇಳುತ್ತೇನೆಂದು ಆಗಲೇ ತಿಳಿಸಿರಬೇಕು. ನಮ್ಮವರೋ, ಆಗಸ್ಟಿನಲ್ಲಿ ಮೇಸ್ತ್ರಿಯ ತಲೆ ಕಂಡರೆ ಸಾಕು, “ಅಂತೂ ಬಂದ್ರಲ್ಲ, ಕಾಫಿ ಕುಡೀರಿ” ಎನ್ನುವವರು. ಕಾಫಿ ಕೊಡಿ, ಅದಕ್ಕೆ ಮುಂಚೆ ವಾಟ್ಸಾಪಿನಲ್ಲಿ ಒಂದು ಸಾಲು ಹಾಕಿ.

ಜಿಲ್ಲಾ ಗ್ರಾಹಕ ಆಯೋಗದ ಬಾಗಿಲೂ ಇದೆಯೆನ್ನಿ. ಆದರೆ ಅಲ್ಲಿ ತೀರ್ಪಾಗುವ ಹೊತ್ತಿಗೆ ಅದೇ ಮೇಸ್ತ್ರಿ ನಿಮ್ಮ ಭಾವನ ಮನೆಗೆ ಮಾಡು ಹಾಕಿ ಮುಗಿಸಿರುತ್ತಾನೆ. ಅದಕ್ಕಿಂತ ಮೊದಲೇ ಅರ್ಧ ಹಾಳೆಯಲ್ಲಿ ಬರೆದುಕೊಳ್ಳುವುದು ವಾಸಿ: ದಿನಕ್ಕೆ ಎಷ್ಟು ಹಂಚು ಇಳಿಸಿದರೆ ಸಂಜೆಯೊಳಗೆ ಅಷ್ಟನ್ನು ಮುಚ್ಚಬೇಕು, ಟಾರ್ಪಾಲು ಯಾರದ್ದು, ದುಡ್ಡು ಯಾವ ಹಂತಕ್ಕೆ ಎಷ್ಟು. ಟಾರ್ಪಾಲಿನ ಮಾತು ಸಣ್ಣದೆನಿಸಬಹುದು. ನಾನು ಕಂಡ ಜಗಳಗಳಲ್ಲಿ ಮುಕ್ಕಾಲು ಪಾಲು ಅದರ ಕೆಳಗೇ ನಡೆದದ್ದು.

ಮಳೆ ಹಿಡಿದೇಬಿಟ್ಟಿತೋ, ಹಟ ಬಿಡುವುದು ಒಳ್ಳೆಯದು. ಒದ್ದೆ ರೀಪಿಗೆ ಮೊಳೆ ಹೊಡೆಸಿದರೆ ಒಣಗಿದಾಗ ಸೊಟ್ಟಗಾಗುತ್ತದೆ, ಹಸಿ ಗೋಡೆಗೆ ಬಳಿದ ಬಣ್ಣ ಹಪ್ಪಳ ಏಳುತ್ತದೆ. ಹಳೆ ಹಂಚನ್ನೇ ಮತ್ತೆ ಹೊದೆಸಿ, ಆದಷ್ಟಕ್ಕೆ ಲೆಕ್ಕ ಚುಕ್ತಾ ಮಾಡಿ, ಉಳಿದದ್ದನ್ನು ಡಿಸೆಂಬರಿಗೆ ಇಡಿ. ಮರ ಒಣಗಿರುತ್ತದೆ, ಮೇಸ್ತ್ರಿ ಒಂದೇ ರಿಂಗಿಗೆ ಫೋನು ಎತ್ತುತ್ತಾನೆ. ನಮ್ಮ ನೆರೆಮನೆಯವರು ಹಾಗೇ ಮಾಡಿಸಿದರು. ಆಕಾಶದಲ್ಲಿ ಒಂದು ಮೋಡವಿಲ್ಲ, ಕರಾರಿನಲ್ಲಿ ಒಂದು ತಪ್ಪಿಲ್ಲ, ಕೆಲಸ ಹೇಳಿದ ದಿನಕ್ಕೆ ಮುಗಿಯಿತು. ಕೊನೆಯ ದಿನ ಮೇಸ್ತ್ರಿ ಪಿಕಪ್ ತಂದು ಹಳೆ ಹಂಚು ತುಂಬತೊಡಗಿದ. ಬಾಸೆಲ್ ಮಿಷನ್ನಿನವರು 1865ರಲ್ಲಿ ಮಂಗಳೂರಿನಲ್ಲಿ ಶುರುಮಾಡಿದ ಕಾರ್ಖಾನೆಯ ಮುದ್ರೆ ಅದರಲ್ಲಿ ಕೆಲವಕ್ಕೆ ಇತ್ತು. ಅಂಥದ್ದಕ್ಕೆ ಈಗ ರೆಸಾರ್ಟಿನವರು ಕೇಳಿದ ಬೆಲೆ ಕೊಡುತ್ತಾರಂತೆ. ಹಳೆ ಹಂಚು ಯಾರಿಗೆ ಸೇರಬೇಕೆಂದು ಹಾಳೆಯಲ್ಲಿ ಬರೆದಿರಲಿಲ್ಲ.