55-250 ಬೇಕೋ, 70-300 ಬೇಕೋ?

ಸಾಂಗಲಿ-ಮಿರಜ ಕಡೆಯ ನಾವು ಮೂವರು ಕನ್ನಡ ಶಾಲೆ ಮಾಸ್ತರರಿಗೆ ಸೇರಿ ಇರೋದು ಒಂದೇ ಕ್ಯಾನನ್ ಕ್ಯಾಮೆರಾ. ಅದಕ್ಕೊಂದು ಸೆಕೆಂಡ್ ಹ್ಯಾಂಡ್ ಜೂಮ್ ಲೆನ್ಸ್ ಬೇಕಿತ್ತು. 55-250 ಎಸ್‌ಟಿಎಂ ತಗೊಳ್ಳೋದೋ, 70-300 ಐಎಸ್ 2 ತಗೊಳ್ಳೋದೋ? ದುಡ್ಡಿದ್ದದ್ದು ಒಂದಕ್ಕೆ ಮಾತ್ರ.

70ರಿಂದ 250ರವರೆಗೆ ಎರಡೂ ಮಾಡುವ ಕೆಲಸ ಒಂದೇ. ಅಪರ್ಚರ್ ಕೂಡ ಎರಡಕ್ಕೂ ಎಫ್ 4-5.6. ಹಾಗಾಗಿ ತುದಿಗಳನ್ನಷ್ಟೇ ನೋಡಬೇಕು. 300ರಲ್ಲಿ ಹಕ್ಕಿ 250ಕ್ಕಿಂತ 1.2 ಪಟ್ಟು ದೊಡ್ಡದು ಕಾಣುತ್ತದೆ, ಅಷ್ಟೇ. 1929ರ ಐರ್ವಿನ್ ಸೇತುವೆ ಹತ್ತಿರ ಕೃಷ್ಣೆಯಲ್ಲಿ ನಿಂತ ಬೆಳ್ಳಕ್ಕಿಗೆ ಅದು ಉಪಯೋಗವೇ. ಆದರೆ ನಾವು ದಿನಾ ಹಕ್ಕಿ ಫೋಟೋ ತೆಗೀತೀವಾ?

ಹಳೇ ಫೋಟೋ ತೆಗೆದು ನೋಡಿದೆವು. ಹೆಚ್ಚಿನವು ಗ್ಯಾದರಿಂಗ್, ಆಟೋಟದಲ್ಲಿನ ಮಕ್ಕಳವು. ಉಳಿದವು ಮಿರಜದ ಸಿತಾರ ಗಲ್ಲಿಯವು. 2024ರಲ್ಲಿ ಜಿಐ ಮಾನ್ಯತೆ ಪಡೆದ ಅಲ್ಲಿನ ಸಿತಾರ, ತಂಬೂರಿ ತಯಾರಾಗೋದು ಇಕ್ಕಟ್ಟಾದ ಅಂಗಡಿಗಳಲ್ಲಿ. ಹಿಂದೆ ಸರಿಯಲು ಜಾಗವಿಲ್ಲ. 55-250 ಲೆನ್ಸು 85 ಸೆಂ.ಮೀ. ದೂರದಿಂದಲೇ ಫೋಕಸ್ ಆಗುತ್ತದೆ, ಇನ್ನೊಂದಕ್ಕೆ 120 ಬೇಕು. ತೂಕವೂ ಇದು 375 ಗ್ರಾಂ, ಅದು 710. ಭಾರದ ಲೆನ್ಸು ಕಪಾಟಿನಲ್ಲೇ ಉಳಿಯುತ್ತದೆ.

55-250ನ್ನೇ ತಂದೆವು. ಬೆಳ್ಳಕ್ಕಿ ಸಣ್ಣದಾಗಿ ಬಂದರೆ ಬರಲಿ ಬಿಡಿ. ಗಡಿಯ ಈಚೆ ಕನ್ನಡ ಕಲಿತ ಮಕ್ಕಳು ಹತ್ತು ವರ್ಷದ ಮೇಲೆ ಬಂದು ಕೇಳಿದಾಗ ಅವರ ಮುಖ ನಮ್ಮ ಹತ್ತಿರ ಇರಬೇಕು. ನಿಮ್ಮ ಶಾಲೆಗೂ ಲೆನ್ಸ್ ಕೊಳ್ಳುವುದಿದ್ದರೆ, ಅಂಗಡಿಗೆ ಹೋಗುವ ಮೊದಲು ನಿಮ್ಮ ಹಳೇ ಫೋಟೋ ನೋಡ್ರಿ.