255ಕ್ಕೆ ಒಂದು ಕೂಡಿಸಿದರೆ



ತಾಳವಾಡಿಯಿರಲಿ, ಹೊಸೂರಿರಲಿ, ಕಾಸರಗೋಡಿರಲಿ, ಗಡಿಯಾಚೆಯ ನಮ್ಮ ಕನ್ನಡ ಕುಟುಂಬಗಳ ಅನೇಕ ಮಕ್ಕಳು ಈಗ ಕಂಪ್ಯೂಟರ್ ಸೈನ್ಸ್ ಓದುತ್ತಿದ್ದಾರೆ. ರಜೆಗೆ ಊರಿಗೆ ಬಂದಾಗ ಅವರಲ್ಲಿ ಕೆಲವರು ಒಂದೇ ದೂರು ಹೇಳುವುದುಂಟು: "ಫಾದರ್, ಕೋಡಿಂಗ್ ಚೆನ್ನಾಗಿ ಬರುತ್ತೆ. ಈ ಕಂಪ್ಯೂಟರ್ ಆರ್ಕಿಟೆಕ್ಚರ್ ಒಂದು ಮಾತ್ರ ತಲೆಗೆ ಹತ್ತೋದಿಲ್ಲ. ಕೆಲಸಕ್ಕೆ ಸೇರಿದ ಮೇಲೆ ಅದು ಬೇಕಾಗೋದೂ ಇಲ್ವಂತೆ. ಪಾಸಾದರೆ ಸಾಕಲ್ವಾ?" ಮನೆಯಲ್ಲಿ ಅಪ್ಪ ಅಮ್ಮನೂ ಹಾಗೆಯೇ ಅನ್ನುತ್ತಾರೆ. ಸಾಕಾಗುವುದಿಲ್ಲ ಎಂಬುದು ನಮ್ಮ ಉತ್ತರ. ಏಕೆಂದು ಸ್ವಲ್ಪ ವಿವರವಾಗಿ ಹೇಳುತ್ತೇವೆ.

ಗುರುದೀಕ್ಷೆಯಾದ ಮೇಲೆ ಮೇಲಿನವರು ನಮ್ಮನ್ನು ವಿಶ್ವವಿದ್ಯಾಲಯಕ್ಕೆ ಎಂ.ಸಿ.ಎ. ಓದಲು ಕಳುಹಿಸಿದರು. ಗುರುಮಠದಲ್ಲಿ ತತ್ವಶಾಸ್ತ್ರ, ದೇವಶಾಸ್ತ್ರ ಓದಿ ಬಂದಿದ್ದ ನಮಗೂ, ನಮಗಿಂತ ಎಷ್ಟೋ ಚಿಕ್ಕವರಾಗಿದ್ದ ಸಹಪಾಠಿಗಳಿಗೂ ಗಣಕಯಂತ್ರವೆಂದರೆ ಒಂದು ತೆರೆ, ಒಂದು ಕೀಲಿಮಣೆ, ಅಷ್ಟೇ. ಪ್ರಯೋಗಶಾಲೆಯಲ್ಲಿ ನಮ್ಮ ಮುಂದೆ ಇಟ್ಟ ವಸ್ತುವಿಗೆ ತೆರೆಯೂ ಇರಲಿಲ್ಲ, ಮೌಸೂ ಇರಲಿಲ್ಲ. ಅದೊಂದು ಹಸಿರು ಹಲಗೆ, ಅದರ ಮೇಲೆ ಒಂದಷ್ಟು ಗುಂಡಿಗಳು, ಆರು ಕೆಂಪು ಅಂಕಿಗಳು ಬೆಳಗುವ ಪಟ್ಟಿ. 8085 ಕಿಟ್ ಎಂದು ಅದರ ಹೆಸರು. ಇಂಟೆಲ್ ಕಂಪನಿ 1976ರಲ್ಲಿ ಹೊರತಂದ ಆ ಚಿಪ್ಪಿನಲ್ಲಿದ್ದದ್ದು ಸುಮಾರು 6,500 ಟ್ರಾನ್ಸಿಸ್ಟರುಗಳು. ಇಂದು ನಿಮ್ಮ ಜೇಬಿನ ಫೋನಿನ ಚಿಪ್ಪಿನಲ್ಲಿ ಅವು ಶತಕೋಟಿಗಳ ಲೆಕ್ಕದಲ್ಲಿವೆ.

ಆ ಕಿಟ್ಟಿಗೆ ಯಾವ ಭಾಷೆಯೂ ಬರುತ್ತಿರಲಿಲ್ಲ. 'ಕೂಡಿಸು' ಎನ್ನಲು ಒಂದು ಸಂಖ್ಯೆ, 'ಇಲ್ಲಿಟ್ಟುಕೋ' ಎನ್ನಲು ಇನ್ನೊಂದು ಸಂಖ್ಯೆ. ಪುಸ್ತಕ ನೋಡಿ ಒಂದೊಂದನ್ನೇ ಒತ್ತಬೇಕು. ನಡುವೆ ಕರೆಂಟು ಹೋದರೆ ಅರ್ಧ ಗಂಟೆಯ ಕೆಲಸವೆಲ್ಲ ಅಳಿಸಿಹೋಗುತ್ತಿತ್ತು, ಮತ್ತೆ ಮೊದಲಿನಿಂದ ಶುರು. ಬೇಸರವೇನೋ ಆಗುತ್ತಿತ್ತು. ಆದರೆ ತಂತ್ರಾಂಶ ಎಂಬುದು ಗಾಳಿಯಲ್ಲಿ ತೇಲುವ ವಸ್ತುವಲ್ಲ, ತಂತಿ ಮತ್ತು ಚಿಪ್ಪುಗಳೊಳಗೆ ಜಾಗ ಹಿಡಿದು ಕೂರುವಂಥದ್ದು ಎಂದು ನಮ್ಮ ಬೆರಳುಗಳಿಗೆ ತಿಳಿದದ್ದು ಅಲ್ಲಿಯೇ.

ಒಂದು ದಿನ ನಮ್ಮ ಉಪನ್ಯಾಸಕಿ 255ಕ್ಕೆ ಒಂದು ಕೂಡಿಸಲು ಹೇಳಿದರು. ಕೂಡಿಸಿದೆವು. ಉತ್ತರ 0 ಎಂದು ಬಂತು. ತರಗತಿಯೆಲ್ಲ ನಕ್ಕಿತು. ಕಾರಣ ಸರಳ. ಆ ಚಿಪ್ಪು ಒಂದು ಸಂಖ್ಯೆಗೆ ಕೊಡುವುದು ಎಂಟು ಮನೆ. ಪ್ರತಿ ಮನೆಯಲ್ಲೂ 0 ಅಥವಾ 1 ಮಾತ್ರ. ಎಂಟು ಮನೆಯೂ ತುಂಬಿದಾಗ 255. ಮೇಲೆ ಒಂದು ಬಿದ್ದರೆ ಸ್ಕೂಟರಿನ ಕಿಲೋಮೀಟರ್ ಅಂಕಿಗಳು 99999 ಆದ ಮೇಲೆ ಸೊನ್ನೆಗೆ ತಿರುಗುವಂತೆ ಎಲ್ಲವೂ ಸೊನ್ನೆಯಾಗುತ್ತವೆ. ಹಾಗೆಂದು ಯಂತ್ರ ಮೋಸ ಮಾಡುವುದಿಲ್ಲ. ಪಕ್ಕದಲ್ಲಿ 'ಕ್ಯಾರಿ ಫ್ಲ್ಯಾಗ್' ಎಂಬ ಪುಟ್ಟ ಬಾವುಟವನ್ನು ಏರಿಸಿ, ಲೆಕ್ಕ ಮನೆ ಮೀರಿತು ಎಂದು ತಿಳಿಸುತ್ತದೆ. ಆ ಬಾವುಟವನ್ನು ನೋಡುವುದೂ ಬಿಡುವುದೂ ಪ್ರೋಗ್ರಾಂ ಬರೆದವನ ಕೈಯಲ್ಲಿದೆ.

ನಗು ನಿಂತ ಮೇಲೆ ಅವರು 'ಥೆರಾಕ್-25' ಯಂತ್ರದ ಕಥೆ ಹೇಳಿದರು. ಕ್ಯಾನ್ಸರ್ ರೋಗಿಗಳಿಗೆ ವಿಕಿರಣ ಚಿಕಿತ್ಸೆ ಕೊಡಲು ಕೆನಡಾದಲ್ಲಿ ತಯಾರಾದ ಯಂತ್ರವದು. 1985ರಿಂದ 1987ರ ನಡುವೆ ಅಮೆರಿಕ ಮತ್ತು ಕೆನಡಾಗಳಲ್ಲಿ ಆರು ರೋಗಿಗಳ ಮೇಲೆ ಅದು ಮಿತಿಮೀರಿದ ವಿಕಿರಣ ಸುರಿಸಿತು. ಕೆಲವರು ಅದರಿಂದಲೇ ಪ್ರಾಣ ಕಳೆದುಕೊಂಡರು. ಕೊನೆಯ ಅವಘಡ ನಡೆದದ್ದು 1987ರ ಜನವರಿಯಲ್ಲಿ, ಅಮೆರಿಕದ ವಾಷಿಂಗ್ಟನ್ ರಾಜ್ಯದ ಯಾಕಿಮಾ ಎಂಬ ಊರಿನಲ್ಲಿ.

ಕಿರಣ ಬಿಡುವ ಮೊದಲು ಒಳಗಿನ ಭಾಗಗಳು ಸರಿಯಾದ ಜಾಗದಲ್ಲಿವೆಯೇ ಎಂದು ಪರೀಕ್ಷಿಸಬೇಕೋ ಬೇಡವೋ ಎಂಬುದನ್ನು ಆ ಯಂತ್ರದಲ್ಲಿ ಒಂದು ಸಂಖ್ಯೆ ಹೇಳುತ್ತಿತ್ತು. 0 ಇದ್ದರೆ 'ಪರೀಕ್ಷೆ ಬೇಡ', ಬೇರೇನಿದ್ದರೂ 'ಪರೀಕ್ಷಿಸು'. ಸಿದ್ಧತೆ ನಡೆಯುತ್ತಿರುವಷ್ಟು ಹೊತ್ತೂ ಪ್ರೋಗ್ರಾಂ ಸುತ್ತು ಸುತ್ತಿಗೂ ಆ ಸಂಖ್ಯೆಗೆ ಒಂದು ಕೂಡಿಸುತ್ತಿತ್ತು. ಅದಕ್ಕೆ ಕೊಟ್ಟಿದ್ದ ಜಾಗ ಎಂಟು ಮನೆ ಮಾತ್ರ. ಆದ್ದರಿಂದ 256ನೇ ಸುತ್ತಿನಲ್ಲಿ ಅದು 0 ಆಗುತ್ತಿತ್ತು. ಸರಿಯಾಗಿ ಆ ಕ್ಷಣದಲ್ಲಿ ಯಂತ್ರ ನಡೆಸುವವರು ಗುಂಡಿ ಒತ್ತಿದರು. ಪರೀಕ್ಷೆ ನಡೆಯಲಿಲ್ಲ, ಕಿರಣ ಹೊರಟಿತು. ಆ ರೋಗಿ ಏಪ್ರಿಲ್‌ನಲ್ಲಿ ತೀರಿಕೊಂಡರು.

ತರಗತಿ ಮೌನವಾಯಿತು. ಐದು ನಿಮಿಷದ ಹಿಂದೆ ನಾವು ನಕ್ಕಿದ್ದು ಇದೇ ಲೆಕ್ಕಕ್ಕೆ.

ಕಥೆಯ ಇನ್ನೊಂದು ಭಾಗ ನಮಗೆ ಇಂದಿಗೂ ಮರೆತಿಲ್ಲ. ಅದೇ ಸಾಲಿನ ಹಿಂದಿನ ಯಂತ್ರ ಥೆರಾಕ್-20ರಲ್ಲೂ ಇಂಥ ತಂತ್ರಾಂಶ ದೋಷವೊಂದು ಅಡಗಿತ್ತು. ಆದರೆ ಅದರಲ್ಲಿ ತಂತ್ರಾಂಶವನ್ನು ನಂಬದ ಪ್ರತ್ಯೇಕ ಕಾವಲು ಯಂತ್ರದ ಮೈಯಲ್ಲೇ ಇತ್ತು. ತಪ್ಪಾದರೆ ಫ್ಯೂಸ್ ಹೋಗುತ್ತಿತ್ತು, ರೋಗಿ ಉಳಿಯುತ್ತಿದ್ದ. ಹೊಸ ಯಂತ್ರದಲ್ಲಿ ಅಂಥ ಕಾವಲನ್ನು ತೆಗೆದು, ಆ ಕೆಲಸವನ್ನೂ ತಂತ್ರಾಂಶಕ್ಕೇ ವಹಿಸಿದ್ದರು. ಯಂತ್ರಾಂಶ ಎಲ್ಲಿ ಮುಗಿಯುತ್ತದೆ, ತಂತ್ರಾಂಶ ಎಲ್ಲಿ ಶುರುವಾಗುತ್ತದೆ, ನಡುವೆ ಯಾರು ಯಾರನ್ನು ಕಾಯುತ್ತಾರೆ ಎಂದು ಕೇಳುವುದೇ ಈ ಪಾಠದ ತಿರುಳು.

1996ರ ಜೂನ್ 4ರಂದು ಯುರೋಪಿನ ಅರಿಯಾನ್-5 ರಾಕೆಟ್ ಹೊರಟ 40 ಸೆಕೆಂಡುಗಳೊಳಗೆ ಸಿಡಿದದ್ದೂ ಹೀಗೆಯೇ. ಹಿಂದಿನ ರಾಕೆಟ್ಟಿನಿಂದ ತಂದ ತಂತ್ರಾಂಶ, ದೊಡ್ಡ ಸಂಖ್ಯೆಯೊಂದನ್ನು 16 ಮನೆಯ ಜಾಗಕ್ಕೆ ತುರುಕಲು ಹೋಯಿತು. ಅಲ್ಲಿ ಹಿಡಿಯುವುದು 32,767ರ ತನಕ ಮಾತ್ರ. ಕಟ್ಟಿದ ಮನೆಗೆ ಅಡಿಪಾಯ ಎಷ್ಟು ಭಾರ ತಾಳುತ್ತದೆ ಎಂದು ಕೇಳದೆ ಮೇಲೆ ಮಹಡಿ ಏರಿಸಿದ ಹಾಗಾಯಿತು.

ಈ ಪಾಠದಲ್ಲಿ ಭಯ ಹುಟ್ಟಿಸುವ ಕಥೆಗಳಷ್ಟೇ ಇಲ್ಲ. ಸಾವಿರಾರು ಸಂಖ್ಯೆಗಳ ಒಂದು ಕೋಷ್ಟಕವನ್ನು ನಾವು ಒಮ್ಮೆ ಅಡ್ಡಸಾಲಿನಂತೆ, ಒಮ್ಮೆ ಕಂಬಸಾಲಿನಂತೆ ಕೂಡಿಸಿ ನೋಡಿದೆವು. ಮೊತ್ತ ಒಂದೇ, ಎರಡನೆಯದಕ್ಕೆ ಸಮಯ ಹಲವು ಪಟ್ಟು. ಅಡುಗೆ ಮಾಡುವ ತಾಯಂದಿರಿಗೆ ಇದನ್ನು ವಿವರಿಸಬೇಕಾಗಿಲ್ಲ. ಸಾಸಿವೆ, ಉಪ್ಪು ಒಲೆಯ ಪಕ್ಕದಲ್ಲೇ ಇರುತ್ತವೆ, ಅಕ್ಕಿ ಮೂಟೆ ಉಗ್ರಾಣದಲ್ಲಿ. ಚಿಪ್ಪೂ ಹಾಗೆಯೇ, ಪದೇ ಪದೇ ಬೇಕಾದದ್ದನ್ನು 'ಕ್ಯಾಶ್' ಎಂಬ ಪುಟ್ಟ ಡಬ್ಬಿಯಲ್ಲಿ ಹತ್ತಿರ ಇಟ್ಟುಕೊಳ್ಳುತ್ತದೆ. ಅಕ್ಕಪಕ್ಕದ ಸಂಖ್ಯೆಗಳನ್ನೂ ಒಟ್ಟಿಗೆ ತಂದುಕೊಳ್ಳುತ್ತದೆ. ಅಡ್ಡಸಾಲಿನಲ್ಲಿ ಕೂಡಿಸಿದಾಗ ಮುಂದಿನ ಸಂಖ್ಯೆ ಡಬ್ಬಿಯಲ್ಲಿ ಸಿದ್ಧವಿತ್ತು. ಕಂಬಸಾಲಿನಲ್ಲಿ ಮತ್ತೆ ಮತ್ತೆ ಉಗ್ರಾಣಕ್ಕೆ ಓಡಬೇಕಾಯಿತು. ಡಬ್ಬಿಯಿಂದ ತೆಗೆಯಲು ಒಂದು ಸೆಕೆಂಡ್ ಎಂದುಕೊಂಡರೆ, ಮುಖ್ಯ ನೆನಪಿನಿಂದ ತರಲು ಸುಮಾರು ಒಂದೂವರೆ ನಿಮಿಷ, ಹಳೆಯ ಬಗೆಯ ತಿರುಗುವ ಹಾರ್ಡ್ ಡಿಸ್ಕಿನಿಂದ ತರಲು ಹತ್ತಿರ ಹತ್ತಿರ ನಾಲ್ಕು ತಿಂಗಳು! ಇದನ್ನರಿತು ಬರೆದ ಪ್ರೋಗ್ರಾಮಿಗೂ ಅರಿಯದೆ ಬರೆದದ್ದಕ್ಕೂ ಇರುವ ಅಂತರ ಇದೇ.

ಇನ್ನೊಂದು ಸಂಗತಿ ನಮ್ಮ ಭಾಷೆಗೆ ಸೇರಿದ್ದು. ನೆನಪಿನಲ್ಲಿರುವ ಸಂಖ್ಯೆಗೆ ತನ್ನಷ್ಟಕ್ಕೆ ಅರ್ಥವಿಲ್ಲ. ಓದುವವರು ಲೆಕ್ಕವೆಂದರೆ ಲೆಕ್ಕ, ಅಕ್ಷರವೆಂದರೆ ಅಕ್ಷರ. ಎಂಟು ಮನೆಯ ಒಂದು ಕಟ್ಟಿಗೆ ಬೈಟ್ ಎಂದು ಹೆಸರು. ಇಂದು ಎಲ್ಲೆಡೆ ಬಳಸುವ ಯುಟಿಎಫ್-8 ಕ್ರಮದಲ್ಲಿ ಇಂಗ್ಲಿಷಿನ ಒಂದಕ್ಷರಕ್ಕೆ ಒಂದು ಬೈಟ್ ಸಾಕು, ಕನ್ನಡದ ಪ್ರತಿ ಚಿಹ್ನೆಗೂ ಮೂರು ಬೈಟ್ ಬೇಕು. 'ಅಮ್ಮ' ಎಂದು ಬರೆಯಲು ಅ, ಮ, ಒತ್ತಿಗಾಗಿ ಒಂದು ಚಿಹ್ನೆ, ಮತ್ತೆ ಮ, ಒಟ್ಟು ನಾಲ್ಕು ಚಿಹ್ನೆ, 12 ಬೈಟ್. ಹೆಸರಿಗೆ ಹತ್ತು ಬೈಟ್ ಸಾಕೆಂದು ಯಾರಾದರೂ ಜಾಗ ಇಟ್ಟರೆ ಅಲ್ಲಿ ಇಂಗ್ಲಿಷಿನ ಹತ್ತು ಅಕ್ಷರ ಹಿಡಿಯುತ್ತದೆ, ನಮ್ಮ 'ಅಮ್ಮ' ಹಿಡಿಯುವುದಿಲ್ಲ. ಗಡಿಯಾಚೆ ಇರುವ ನಮ್ಮ ಹೆಸರುಗಳು ಪತ್ರಗಳಲ್ಲಿ ಸರಿಯಾಗಿ ಬರಬೇಕಾದರೆ, ತಂತ್ರಾಂಶ ಬರೆಯುವ ಕಡೆ ಇದನ್ನು ತಿಳಿದ ನಮ್ಮ ಮಕ್ಕಳು ಇರಬೇಕು.

ಆತ್ಮ ದೇಹದೊಳಗೆ ದೋಣಿಯಲ್ಲಿ ಕುಳಿತ ಅಂಬಿಗನಂತೆ ಬೇರೆಯಾಗಿಲ್ಲ ಎಂದು ಸಂತ ತೋಮಸ್ ಅಕ್ವಿನಾಸರು ವಾದಿಸಿದ್ದನ್ನು ಗುರುಮಠದಲ್ಲಿ ಓದಿದ್ದೆವು. ಯಂತ್ರಕ್ಕೆ ಆತ್ಮವಿದೆ ಎಂದು ನಾವು ಹೇಳುತ್ತಿಲ್ಲ. ಆದರೂ ಎರಡನ್ನು ಬೇರೆಬೇರೆ ಮಾಡಿ ನೋಡುವ ಅಭ್ಯಾಸಕ್ಕೆ ಆ ಓದು ಮೊದಲೇ ಕಡಿವಾಣ ಹಾಕಿತ್ತು. ಈ ಪಾಠ ನಮಗೆ ಹಿಡಿಸಿದ್ದಕ್ಕೆ ಅದೂ ಒಂದು ಕಾರಣವಿರಬೇಕು.

ಈಗ ಪ್ರೋಗ್ರಾಮನ್ನು ತಾನೇ ಬರೆದುಕೊಡುವ ಕೃತಕ ಬುದ್ಧಿಯ ತಂತ್ರಾಂಶಗಳು ಬಂದಿವೆ. ಬರೆಯುವ ಶ್ರಮ ಕಡಿಮೆಯಾಗಿರಬಹುದು, ಬರೆದದ್ದು ಯಾವ ಯಂತ್ರದ ಮೇಲೆ ಹೇಗೆ ನಡೆಯುತ್ತದೆ ಎಂದು ಪರೀಕ್ಷಿಸುವ ಹೊಣೆ ಮನುಷ್ಯನದೇ. ಚಿಪ್ಪು ರೂಪಿಸುವ ಕೆಲಸವೂ ನಮ್ಮ ದೇಶದಲ್ಲಿ ನಡೆದಿದೆ. ಮದ್ರಾಸಿನ ಐಐಟಿಯಲ್ಲಿ 'ಶಕ್ತಿ', ಸಿ-ಡ್ಯಾಕ್ ಸಂಸ್ಥೆಯಲ್ಲಿ 'ವೇಗ' ಎಂಬ ಸಂಸ್ಕಾರಕಗಳು ರೂಪುಗೊಂಡಿವೆ.

ಆದ್ದರಿಂದ ಈ ವಿಷಯ ಓದುತ್ತಿರುವ ತಮ್ಮಂದಿರೇ, ತಂಗಿಯರೇ, ಗೈಡು ಉರುಹೊಡೆದು ಪರೀಕ್ಷೆ ದಾಟಬೇಡಿ. 8085 ಚಿಪ್ಪನ್ನು ಅನುಕರಿಸುವ ತಂತ್ರಾಂಶಗಳು ಉಚಿತವಾಗಿ ಸಿಗುತ್ತವೆ. 255ಕ್ಕೆ ಒಂದು ಕೂಡಿಸಿ, ಬಾವುಟ ಏರುವುದನ್ನು ನಿಮ್ಮ ಕಣ್ಣಿನಿಂದಲೇ ನೋಡಿ. ತಂದೆತಾಯಂದಿರೇ, ಮಕ್ಕಳು ಫೋನು ಮಾಡಿ ಈ ಪಾಠ ಕಷ್ಟವೆಂದಾಗ "ಪಾಸಾದರೆ ಸಾಕು ಕಂದಾ" ಎನ್ನಬೇಡಿ. "ನಿಧಾನವಾಗಿ ಅರ್ಥಮಾಡಿಕೋ" ಎನ್ನಿ. ನಾಳೆ ಅವರು ಬರೆಯುವ ಪ್ರೋಗ್ರಾಂ ಯಾವುದೋ ಆಸ್ಪತ್ರೆಯ ಯಂತ್ರದೊಳಗೆ ಕೂರಬಹುದು. ಅದರ ಕೆಳಗೆ ಮಲಗುವವರು ಯಾರದೋ ತಾಯಿ, ಯಾರದೋ ತಂದೆ.